ಕವಲಂದೆಯ ಬೆಳಗಿನ ಗಾಡಿಗೂ ಅದರ ಜನಕ್ಕೂ ನನ್ನ ನಮಸ್ಕಾರ

ಪ್ರೀತಿಯ ಶಿಷ್ಯರಿಗೆ, ಬಂಧುಗಳಿಗೆ ಮತ್ತು ಮೈಸೂರು–ಚಾಮರಾಜನಗರ ರೈಲುದಾರಿಯಲ್ಲಿ ಎಂದಾದರೂ ಓಡಾಡಿದ ಎಲ್ಲರಿಗೂ ನಮಸ್ಕಾರಗಳು.

ಕಳೆದ ಭಾನುವಾರ ನನ್ನ ಹಳೆಯ ವಿದ್ಯಾರ್ಥಿಗಳೆಲ್ಲ ನಂಜನಗೂಡಿನಲ್ಲಿ ಸೇರಿ, ನನಗೆ ಎಪ್ಪತ್ತು ತುಂಬಿದ ನೆಪದಲ್ಲಿ ಅಭಿನಂದನ ಸಭೆಯೊಂದನ್ನು ನಡೆಸಿದರು. ದೂರದ ಊರುಗಳಿಂದ ಕೆಲಸಕ್ಕೆ ರಜೆ ಹಾಕಿ ಬಂದವರಿದ್ದರು, ತಮ್ಮ ಮಕ್ಕಳನ್ನು ಮುಂದೆ ನಿಲ್ಲಿಸಿ ನನ್ನ ಕಾಲಿಗೆ ನಮಸ್ಕಾರ ಮಾಡಿಸಿದವರಿದ್ದರು. ಶಾಲು, ಹಾರ, ಫಲತಾಂಬೂಲಗಳ ಜೊತೆಗೆ ಅವರು ನನಗೆ ಕೊಟ್ಟದ್ದು ಚೌಕಟ್ಟು ಹಾಕಿಸಿದ ದೊಡ್ಡದೊಂದು ಚಿತ್ರ: ಕಪಿಲಾ ನದಿಯ ಹಳೆಯ ಸೇತುವೆ, ಅದರ ಮೇಲೆ ಹೊಗೆ ಬಿಡುತ್ತ ನಿಂತ ಕರಿಯ ಎಂಜಿನ್ನು. ತರಗತಿಯಲ್ಲಿ ಪಾಠದ ನಡುವೆ ನಾನು ಆಡುತ್ತಿದ್ದ ಮಾತುಗಳನ್ನು ಇಷ್ಟು ವರ್ಷ ಅವರು ನೆನಪಿಟ್ಟುಕೊಂಡಿದ್ದರು ಎಂಬುದು ಆ ಚಿತ್ರವನ್ನು ಕಂಡಾಗಲೇ ನನಗೆ ತಿಳಿದದ್ದು. ಮಾತನಾಡಲು ಎದ್ದು ನಿಂತಾಗ ಗಂಟಲು ಕಟ್ಟಿತು. ಹೇಳಬೇಕಾಗಿದ್ದುದರಲ್ಲಿ ಕಾಲುಭಾಗವನ್ನೂ ಹೇಳದೆ ಕುಳಿತುಬಿಟ್ಟೆ. ಉಳಿದ ಮುಕ್ಕಾಲು ಭಾಗವನ್ನು ಇಲ್ಲಿ ಬರೆಯುತ್ತಿದ್ದೇನೆ. ನೀವು ನನಗೆ ಸಲ್ಲಿಸಿದ ಕೃತಜ್ಞತೆಯಲ್ಲಿ ದೊಡ್ಡ ಪಾಲು ಆ ರೈಲಿನ ಜನಕ್ಕೆ ಸೇರಬೇಕಾದದ್ದು, ಮತ್ತು ಅದನ್ನು ಅವರಿಗೆ ಮುಟ್ಟಿಸುವ ಹೊಣೆ ನನ್ನದು.

ನಮ್ಮ ಊರು ಕವಲಂದೆ ನಿಲ್ದಾಣದಿಂದ ಎರಡು ಮೈಲಿ ದೂರದ ಸಣ್ಣ ಹಳ್ಳಿ. 1973ರ ಜೂನ್‌ನಲ್ಲಿ ಮೈಸೂರಿನ ಮಹಾರಾಣಿ ಕಾಲೇಜಿನಲ್ಲಿ ಬಿ.ಎ.ಗೆ ಸೇರಿದಾಗ, ಹಾಸ್ಟೆಲ್ಲಿನ ಖರ್ಚನ್ನು ಭರಿಸುವ ಶಕ್ತಿ ನಮ್ಮ ಮನೆಗಿರಲಿಲ್ಲ. ತಿಂಗಳ ಪಾಸು ತೆಗೆದುಕೊಂಡರೆ ರೈಲಿನಲ್ಲಿ ದಿನಾ ಹೋಗಿಬರಬಹುದೆಂದು ಲೆಕ್ಕ ಹಾಕಿ ಹೇಳಿದವರು ನಮ್ಮ ತಂದೆ. ಊರಿನಲ್ಲಿ ಹೆಣ್ಣುಮಗಳೊಬ್ಬಳು ದಿನವೂ ಕತ್ತಲಲ್ಲಿ ಹೊರಟು ಕತ್ತಲಾದ ಮೇಲೆ ಮನೆ ಸೇರುವುದನ್ನು ಒಪ್ಪದವರೇ ಹೆಚ್ಚಾಗಿದ್ದರು. ತಂದೆಯವರು ಯಾರಿಗೂ ಉತ್ತರ ಕೊಡಲಿಲ್ಲ. ಲಾಟೀನು ಹಿಡಿದು ಬೆಳಿಗ್ಗೆ ನನ್ನ ಮುಂದೆ ನಡೆದರು, ರಾತ್ರಿ ಮತ್ತೆ ನಿಲ್ದಾಣಕ್ಕೆ ಬಂದು ಕಾದರು. ನಾನು ಕಾಲೇಜಿಗೆ ಸೇರಿದಾಗ ನಮ್ಮದು ಮೈಸೂರು ರಾಜ್ಯವಾಗಿತ್ತು; ಅದೇ ನವೆಂಬರ್ ಒಂದರಂದು ಅದು ಕರ್ನಾಟಕವಾಯಿತು. ಆ ಸುದ್ದಿಯನ್ನು ರೈಲಿನ ಡಬ್ಬಿಯಲ್ಲಿ ಯಾರೋ ಪತ್ರಿಕೆಯಿಂದ ಗಟ್ಟಿಯಾಗಿ ಓದಿ ಹೇಳಿದ್ದು ನನಗಿನ್ನೂ ನೆನಪಿದೆ.

ನಮ್ಮದು ಮೀಟರ್ ಗೇಜ್ ದಾರಿ, ಎರಡು ಹಳಿಗಳ ನಡುವೆ ಒಂದು ಮೀಟರ್ ಅಂತರದ್ದು. ಮೈಸೂರಿನಿಂದ ನಂಜನಗೂಡಿನವರೆಗೆ 1891ರಲ್ಲಿಯೇ ರೈಲು ಬಂದಿತ್ತು, ಚಾಮರಾಜನಗರದವರೆಗೆ ಹಳಿ ಮುಂದುವರಿದದ್ದು 1926ರಲ್ಲಿ. ಬೆಳಗಿನ ಗಾಡಿ ಚಾಮರಾಜನಗರದ ಕಡೆಯಿಂದ ಬರುತ್ತಿರುವುದು ಕಣ್ಣಿಗೆ ಕಾಣುವ ಮೊದಲೇ ನಮಗೆ ತಿಳಿಯುತ್ತಿತ್ತು. ಹಳಿಯ ತುಂಡೊಂದನ್ನು ನಿಲ್ದಾಣದಲ್ಲಿ ಗಂಟೆಯಾಗಿ ತೂಗುಹಾಕಿದ್ದರು. ಹಳಿ ಬದಲಿಸುವ ಕೆಲಸದ ಪಾಯಿಂಟ್ಸ್‌ಮನ್ ಅದನ್ನು ಬಡಿದನೆಂದರೆ ಹುರುಳಿ ಹೊಲದ ಅಂಚಿನಲ್ಲಿ ಇನ್ನೂ ನಡೆದುಬರುತ್ತಿದ್ದವರೆಲ್ಲ ಓಡಲು ಶುರುಮಾಡುತ್ತಿದ್ದರು. ಆಮೇಲೆ ದೂರದಲ್ಲೊಂದು ಕೂಗು, ತಿರುವಿನ ಮರಗಳ ಮೇಲೆ ಬಿಳಿಯ ಉಗಿ, ಕೊನೆಗೆ ನೆಲವನ್ನೇ ನಡುಗಿಸುತ್ತ ಎಂಜಿನ್ನು. ಡ್ರೈವರು ಬಾಗಿ, ಬೆತ್ತದ ದೊಡ್ಡ ಬಳೆಯಂತಿದ್ದ ಟೋಕನ್ನನ್ನು ತೋಳಿನಿಂದ ಜಾರಿಸಿ ಕೆಳಗೆ ಕೊಟ್ಟು ಮುಂದಿನ ನಿಲ್ದಾಣದ ಟೋಕನ್ನನ್ನು ಎತ್ತಿಕೊಳ್ಳುತ್ತಿದ್ದರು. ಆ ಬಳೆಯ ಚೀಲದಲ್ಲಿದ್ದ ಲೋಹದ ಗುಂಡು ಕೈಗೆ ಬಾರದೆ ಗಾಡಿ ಮುಂದಿನ ಹಳಿಗೆ ಕಾಲಿಡುವಂತಿರಲಿಲ್ಲ, ಒಂಟಿ ಹಳಿಯ ದಾರಿಯಲ್ಲಿ ನಮ್ಮೆಲ್ಲರ ಜೀವ ಅದರಲ್ಲಿ ಭದ್ರವಾಗಿತ್ತು ಎಂಬುದನ್ನು ನಾನು ಬಹಳ ಕಾಲದ ಮೇಲೆ ತಿಳಿದೆ. ದಿನವೂ ತಪ್ಪದೆ ಅದನ್ನು ಕೊಟ್ಟು ತೆಗೆದುಕೊಂಡ ಕೈಗಳಿಗೆ ನನ್ನ ಮೊದಲ ನಮಸ್ಕಾರ.

ಆ ಎಂಜಿನ್ನು ವೈಪಿ ವರ್ಗದ್ದೆಂದು, ಮುಂದೆ ನಾಲ್ಕು ಸಣ್ಣ ಗಾಲಿ, ನಡುವೆ ಆರು ದೊಡ್ಡ ಗಾಲಿ, ಹಿಂದೆ ಎರಡು ಸಣ್ಣ ಗಾಲಿಗಳಿರುವುದು ಅದರ ಗುರುತೆಂದು ನನಗೆ ಹೇಳಿಕೊಟ್ಟವರು ಅದರ ಫೈರ್‌ಮನ್. ಅವರ ಹೆಸರು ನನಗೆ ತಿಳಿಯದು. ನೀಲಿ ಅಂಗಿ, ತಲೆಗೆ ಬಿಗಿದ ಬಟ್ಟೆ, ತಮಿಳಿನ ಧಾಟಿ ಬೆರೆತ ಕನ್ನಡ, ಹುಬ್ಬಿನ ಮೇಲೆ ಸುಟ್ಟ ಗಾಯದ ಹಳೆಯ ಕಲೆ — ಇಷ್ಟೇ ನನ್ನ ಬಳಿ ಉಳಿದಿರುವುದು. ನಮ್ಮ ಡಬ್ಬಿ ಎಂಜಿನ್ನಿನ ಹಿಂದೆಯೇ ನಿಲ್ಲುತ್ತಿದ್ದುದರಿಂದ ಅವರ ಕೆಲಸ ನನಗೆ ಕಾಣುತ್ತಿತ್ತು: ಎಂಜಿನ್ನಿನ ಬೆನ್ನಿಗಿದ್ದ ಟೆಂಡರೆಂಬ ಬಂಡಿಯಿಂದ ಕಲ್ಲಿದ್ದಲನ್ನು ಸಲಿಕೆಗೆ ತುಂಬಿ, ತಿರುಗಿ, ಸಾವಿರ ಡಿಗ್ರಿಗೂ ಮೀರಿ ಉರಿಯುವ ಒಲೆಯ ಬಾಯಿಗೆ ಎಸೆಯುವುದು, ಒಂದೇ ಕಡೆ ಗುಡ್ಡೆಯಾದರೆ ಬೆಂಕಿ ಸಾಯುತ್ತದೆಂದು ಮೂಲೆಮೂಲೆಗೂ ತೆಳ್ಳಗೆ ಹರಡುವುದು, ಗಾಜಿನ ಕೊಳವೆಯಲ್ಲಿ ಬಾಯ್ಲರಿನ ನೀರಿನ ಮಟ್ಟವನ್ನು ನೋಡುತ್ತ ತಗ್ಗಿದಾಗಲೆಲ್ಲ ನೀರು ತುಂಬಿಸುವುದು, ಇಷ್ಟೆಲ್ಲ ಮಾಡುತ್ತಲೇ ತಮ್ಮ ಕಡೆಯ ಸಿಗ್ನಲ್ಲನ್ನು ನೋಡಿ ಡ್ರೈವರಿಗೆ ಕೂಗಿ ಹೇಳುವುದು. ಬೇಸಿಗೆಯಲ್ಲಿ ನಾವು ಡಬ್ಬಿಯೊಳಗೆ ಬೀಸಣಿಗೆ ಆಡಿಸುವಾಗ ಆ ಮನುಷ್ಯ ಒಲೆಯ ಮುಂದೆ ನಿಂತಿರುತ್ತಿದ್ದರು. ನನ್ನ ಪದವಿಯ ಹಿಂದೆ ಎಷ್ಟು ಸಲಿಕೆ ಕಲ್ಲಿದ್ದಲಿದೆ ಎಂದು ನಾನು ಇಂದಿಗೂ ಯೋಚಿಸುತ್ತೇನೆ.

ನಮ್ಮ ಡಬ್ಬಿಯ ಹೆಂಗಸರ ವಿಷಯ ಬರೆಯಲು ಕುಳಿತರೆ ಈ ಪತ್ರ ಮುಗಿಯುವುದೇ ಇಲ್ಲ. ಮೈಸೂರಿನ ದೇವರಾಜ ಮಾರುಕಟ್ಟೆಗೆ ಹೂವು, ವೀಳ್ಯದೆಲೆ, ಸೊಪ್ಪು, ಮೊಸರು ಸಾಗಿಸುತ್ತಿದ್ದವರು ಅವರು. ಬಾಗಿಲಿನ ಪಕ್ಕ ಕುಕ್ಕೆಗಳ ಸಾಲು, ಒದ್ದೆ ಗೋಣಿಯ ವಾಸನೆ, ಅದರ ನಡುವೆ ಮಲ್ಲಿಗೆಯ ಘಮ; ಬಾಳೆನಾರಿನಲ್ಲಿ ಹೂ ಕಟ್ಟುವ ಬೆರಳುಗಳು ಗಾಡಿಯ ಕುಲುಕಾಟದಲ್ಲಿಯೂ ಒಂದು ಎಸಳನ್ನು ಕೆಡಿಸುತ್ತಿರಲಿಲ್ಲ. ಅಕ್ಷರ ಬಾರದ ಆ ತಾಯಂದಿರು ನನ್ನ ಓದಿಗೆ ಕೊಟ್ಟಷ್ಟು ಮರ್ಯಾದೆಯನ್ನು ಓದಿದವರಲ್ಲಿಯೂ ನಾನು ಎಲ್ಲೆಡೆ ಕಂಡಿಲ್ಲ. ಕಿಟಕಿಯ ಪಕ್ಕದಲ್ಲಿ ಬೆಳಕು ಬೀಳುವ ಜಾಗ ನನ್ನದೆಂದು ಅವರೇ ತೀರ್ಮಾನ ಮಾಡಿದ್ದರು. ಯಾರಾದರೂ ಅಲ್ಲಿ ಕುಳಿತರೆ, "ಅದು ಓದೋ ಕೂಸಿನ್ ಜಾಗ ಕನಪ್ಪ, ಈಚೆಗ್ ಬಾ" ಎಂದು ಎಬ್ಬಿಸುತ್ತಿದ್ದರು. ನಿದ್ದೆ ಬಂದು ತೂಗಿದರೆ ಎಲೆ ಮಾರುವ ಅವ್ವ ತಮ್ಮ ತೊಡೆಯ ಮೇಲೆ ನನ್ನ ತಲೆಯನ್ನು ಇಟ್ಟುಕೊಂಡು, "ನೀ ಮನೀಕ ಕೂಸೇ, ಕಡಕೊಳ ಬಂದಾಗ ಏಳುಸ್ತೀನಿ" ಎನ್ನುತ್ತಿದ್ದರು. ಕಡಕೊಳ ಬಂದಾಗ ತಪ್ಪದೆ ಏಳಿಸುತ್ತಿದ್ದರು. ಅಶೋಕಪುರಂನಲ್ಲಿ ರೈಲ್ವೆ ಕಾರ್ಖಾನೆಯ ಕೆಲಸಗಾರರು ಇಳಿದು ಗಾಡಿ ಹಗುರಾದ ಮೇಲೆ, ಚಾಮರಾಜಪುರಂ ಬರುವಷ್ಟರಲ್ಲಿ ನನ್ನ ಜಡೆಗೊಂದು ಮೊಳ ಹೂ ಸೇರಿರುತ್ತಿತ್ತು. ಮೂರು ವರ್ಷದಲ್ಲಿ ಆ ಹೂವಿಗೆ ನಾನು ಒಂದು ಪೈಸೆ ಕೊಟ್ಟವಳಲ್ಲ.

ನಾನು ಸೇರಿದಾಗ ನಮ್ಮದು ಮೂರನೆಯ ದರ್ಜೆಯ ಡಬ್ಬಿ. 1974ರಲ್ಲಿ ಮೂರನೆಯ ದರ್ಜೆಯನ್ನೇ ರದ್ದು ಮಾಡಿ ಅದನ್ನು ಎರಡನೆಯ ದರ್ಜೆಯೆಂದು ಕರೆದರು. ಮರದ ಬೆಂಚುಗಳು ಅವೇ ಇದ್ದವು, ಆದರೆ ಹೂವಿನವರಿಗೆ ಅದು ನಿಜವಾದ ಸಂತೋಷವನ್ನು ಕೊಟ್ಟಿತು. ತಾವು ಮೂರನೆಯವರಲ್ಲ ಎಂದು ಸರಕಾರವೇ ಹೇಳಿತೆಂದು ಅವರು ಒಬ್ಬರಿಗೊಬ್ಬರು ಹೇಳಿಕೊಂಡರು.

ಅದೇ ವರ್ಷದ ಮೇ 8ರಂದು ದೇಶದಾದ್ಯಂತ ರೈಲ್ವೆ ಮುಷ್ಕರ ಆರಂಭವಾಯಿತು. ಅದರ ಮುಂಚೂಣಿಯಲ್ಲಿದ್ದ ಜಾರ್ಜ್ ಫರ್ನಾಂಡಿಸ್ ನಮ್ಮ ಮಂಗಳೂರಿನಲ್ಲಿ ಹುಟ್ಟಿದವರೆಂಬ ಅಭಿಮಾನವೂ ಡಬ್ಬಿಯ ಮಾತುಗಳಲ್ಲಿ ಇತ್ತು. ಇಪ್ಪತ್ತು ದಿನ ನಡೆದ ಆ ಮುಷ್ಕರದಲ್ಲಿ ಹೂವು ಬಾಡಿತು, ಎಲೆ ಕೊಳೆಯಿತು, ಮಾರುಕಟ್ಟೆಗೆ ಹೋಗಲು ಲಾರಿಯವರನ್ನು ಕೈಮುಗಿದು ಕೇಳಬೇಕಾಯಿತು. ಆದರೂ ಎಲೆಯವ್ವ ರೈಲಿನವರನ್ನು ಬಯ್ದದ್ದನ್ನು ನಾನು ಕೇಳಲಿಲ್ಲ. ಕೆಲಸದ ಹೊತ್ತಿಗೆ ಎಂಟು ಗಂಟೆಯ ಮಿತಿ ಬೇಕೆಂಬುದು ಅವರ ಬೇಡಿಕೆಗಳಲ್ಲಿ ಒಂದೆಂದು ನಾನು ಪತ್ರಿಕೆ ಓದಿ ತಿಳಿಸಿದಾಗ, "ದಿನಾ ಬೆಂಕಿ ಮುಂದ ನಿಂತೋರು ಕನವ್ವ, ಕೇಳ್ಕಳ್ಳಿ" ಎಂದು ಅವರು ಹೇಳಿದ್ದಷ್ಟೇ. ಗಾಡಿ ಮತ್ತೆ ಓಡತೊಡಗಿದಾಗ ಎಂಜಿನ್ನಿನ ಮೇಲೆ ಹುಬ್ಬಿನ ಕಲೆಯ ಫೈರ್‌ಮನ್ ಇರಲಿಲ್ಲ. ಕೆಲಸ ಕಳೆದುಕೊಂಡವರು ದೇಶದಲ್ಲಿ ಸಾವಿರಾರು ಮಂದಿ ಎಂದು ಕೇಳಿ ನಾವು ಆತಂಕಪಟ್ಟೆವು. ಮೂರು ತಿಂಗಳ ಮೇಲೆ ಒಂದು ದಿನ ಅವರು ಸಲಿಕೆ ಹಿಡಿದು ನಿಂತದ್ದನ್ನು ಕಂಡಾಗ ಡಬ್ಬಿಯ ಹೆಂಗಸರು ಕುಕ್ಕೆಯಿಂದ ಹೂ ತೆಗೆದು ಎಂಜಿನ್ನಿನ ಕಡೆಗೆ ಎಸೆದರು.

ಆ ವರ್ಷದ ಕಾರ್ತಿಕದಲ್ಲಿ ನಮ್ಮ ತಂದೆ ತೀರಿಕೊಂಡರು. ಲಾಟೀನು ಹಿಡಿಯುವವರಿಲ್ಲ, ಪಾಸಿಗೆ ಹಣವಿಲ್ಲ. ನನ್ನ ಕೆಳಗೆ ಇಬ್ಬರು ತಮ್ಮಂದಿರು. ಓದು ಸಾಕೆಂದು ತಾಯಿಯವರು ಹೇಳಲಿಲ್ಲ, ನಾನೇ ಹೇಳಿದೆ. ಹದಿಮೂರು ದಿನ ಕಳೆದ ಮೇಲೆ ಎಲೆಯವ್ವನೂ ಹೂವಿನವರಿಬ್ಬರೂ ಕವಲಂದೆಯಲ್ಲಿ ಗಾಡಿ ಇಳಿದು, ಅಂದಿನ ವ್ಯಾಪಾರವನ್ನು ಬಿಟ್ಟು, ಎರಡು ಮೈಲಿ ನಡೆದು ನಮ್ಮ ಮನೆಗೆ ಮಾತಾಡಿಸಲು ಬಂದರು. ಎಲೆಯಡಿಕೆಯ ಸಂಚಿಯನ್ನು ಬಿಚ್ಚಿ ಚಾಪೆಯ ಮೇಲೆ ಸುರಿದರು. ನಾಲ್ಕಾಣೆ, ಎಂಟಾಣೆ, ಮಡಿಚಿ ಮಡಿಚಿ ಮೆತ್ತಗಾದ ಒಂದು ರೂಪಾಯಿಯ ನೋಟುಗಳು. ಇಡೀ ಡಬ್ಬಿಯವರು ಕೂಡಿಸಿದ ಹಣವದು. ಗಾರ್ಡ್ ಸಾಹೇಬರೂ, ಕಾರ್ಖಾನೆಯ ಕೆಲಸಗಾರರೂ ಹಾಕಿದ್ದರು. "ನೀ ಬರ್ದೆ ಹೋದ್ರ ಕಿಟ್ಕಿ ಪಕ್ಕದ್ ಜಾಗ ಬಿಕೋ ಅಂತದ ಕನವ್ವ" ಎಂದು ಹೂವಿನಕ್ಕ ಹೇಳಿದ್ದಕ್ಕೆ ನನ್ನ ತಾಯಿ ಅತ್ತರು. ಮರುದಿನ ನಾನು ಗಾಡಿ ಹತ್ತಿದೆ. ಅಂದಿನಿಂದ ರಾತ್ರಿ ಇಳಿದಾಗ ನಿಲ್ದಾಣದ ಪಾಯಿಂಟ್ಸ್‌ಮನ್ ತಮ್ಮ ಕೈದೀಪದೊಡನೆ ಹಳ್ಳದವರೆಗೂ ಬಂದು, ಆಚೆ ದಡದಲ್ಲಿ ನನ್ನ ತಮ್ಮಂದಿರ ದನಿ ಕೇಳಿದ ಮೇಲೆಯೇ ಹಿಂದಿರುಗುತ್ತಿದ್ದರು. ಅದು ಅವರ ಕೆಲಸದ ಪಟ್ಟಿಯಲ್ಲಿ ಇದ್ದದ್ದಲ್ಲ.

ನೀವು ಕೊಟ್ಟ ಚಿತ್ರದಲ್ಲಿರುವ ಸೇತುವೆಯ ಬಗ್ಗೆ ನಾನು ಪಾಠದಲ್ಲಿ ಹೇಳುತ್ತಿದ್ದುದನ್ನು ಮತ್ತೊಮ್ಮೆ ಹೇಳಲು ಅಪ್ಪಣೆ ಕೊಡಿ. ದಳವಾಯಿ ದೇವರಾಜಯ್ಯನವರು 1735ರಲ್ಲಿ ಕಟ್ಟಿಸಿದ ಸೇತುವೆ ಅದು. ರೈಲೆಂಬುದು ಲೋಕದಲ್ಲಿಯೇ ಇಲ್ಲದ ಕಾಲದಲ್ಲಿ, ಎತ್ತಿನ ಗಾಡಿಗೂ ಯಾತ್ರಿಕರಿಗೂ ಎಂದು ಎದ್ದ ಕಮಾನುಗಳು ನೂರೈವತ್ತು ವರ್ಷಗಳ ಮೇಲೆ ಉಗಿಬಂಡಿಯ ಭಾರವನ್ನು ಹೊತ್ತವು. ಒಂದೇ ಸೇತುವೆಯ ಮೇಲೆ ಅಕ್ಕಪಕ್ಕದಲ್ಲಿ ರಸ್ತೆಯೂ ಹಳಿಯೂ ಇದ್ದುದರಿಂದ ನಮ್ಮ ಗಾಡಿ ಅಲ್ಲಿ ನಡಿಗೆಯ ವೇಗಕ್ಕೆ ಇಳಿಯುತ್ತಿತ್ತು. ಪಕ್ಕದಲ್ಲಿ ಸೈಕಲ್ ತುಳಿಯುತ್ತಿದ್ದವರು ಕಿಟಕಿಯೊಳಗಿನವರನ್ನು ಕ್ಷೇಮ ಕೇಳುವಷ್ಟು ನಿಧಾನ. ಎಂಜಿನ್ನಿನ ಉಸಿರು ತಗ್ಗಿದಾಗ ಕೆಳಗೆ ಕಪಿಲೆಯ ಸದ್ದು ಕೇಳುತ್ತಿತ್ತು. ಹೆಂಗಸರು ಶ್ರೀಕಂಠೇಶ್ವರನ ಗೋಪುರದ ಕಡೆ ತಿರುಗಿ ಕೈಮುಗಿದು, ಸಂಚಿಯಿಂದ ಕಾಸೊಂದನ್ನು ತೆಗೆದು ನೀರಿಗೆ ಹಾಕುತ್ತಿದ್ದರು. ಇತಿಹಾಸವನ್ನು ವಿಷಯವಾಗಿ ಆರಿಸಿಕೊಂಡದ್ದೇಕೆ ಎಂದು ಯಾರಾದರೂ ಕೇಳಿದರೆ ನನಗೆ ನೆನಪಾಗುವುದು ದಿನಕ್ಕೆರಡು ಬಾರಿ ಆ ಕಲ್ಲುಗಳ ಮೇಲೆ ನಿಧಾನವಾಗಿ ಸಾಗಿದ ಆ ಕೆಲವು ನಿಮಿಷಗಳು. ಅಗಲ ಹಳಿಯ ಬ್ರಾಡ್‌ಗೇಜ್ ಬಂದ ಮೇಲೆ ರೈಲಿಗೆ ಹೊಸ ಸೇತುವೆಯಾಯಿತು. ಹಳೆಯದನ್ನು ಕೆಡವದೆ ಪರಂಪರೆಯ ಸ್ಮಾರಕವೆಂದು ಉಳಿಸಿದ ರೈಲ್ವೆಯವರಿಗೆ ನಾನು ಮನಸಾರೆ ಕೃತಜ್ಞಳಾಗಿದ್ದೇನೆ.

1975ರ ಆಷಾಢದ ಒಂದು ಬೆಳಿಗ್ಗೆ ಹಳ್ಳ ದಾಟುವಾಗ ಕಾಲು ಜಾರಿ, ನನ್ನ ಚೀಲ ನೀರಿಗೆ ಬಿತ್ತು. ಪಠ್ಯಪುಸ್ತಕಗಳನ್ನು ಕೊಳ್ಳಲಾರದೆ ಗ್ರಂಥಾಲಯದಲ್ಲಿ ಕುಳಿತು ವರ್ಷವಿಡೀ ಬರೆದುಕೊಂಡಿದ್ದ ನೋಟ್ ಪುಸ್ತಕ ಅದರಲ್ಲಿತ್ತು. ಹಾಳೆಗಳು ಒಂದಕ್ಕೊಂದು ಅಂಟಿ ಮುದ್ದೆಯಾಗಿದ್ದವು, ಶಾಯಿ ಕದಡಲು ಶುರುವಾಗಿತ್ತು. ಡಬ್ಬಿಯಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡು ಅಳುತ್ತ ಕುಳಿತಿದ್ದೆ. ನಂಜನಗೂಡಿನಲ್ಲಿ ಎದುರಿನ ಗಾಡಿಗಾಗಿ ನಮ್ಮದು ನಿಂತಿತು. ಎಲೆಯವ್ವ ಏನೂ ಹೇಳದೆ ಆ ಪುಸ್ತಕವನ್ನು ನನ್ನ ಕೈಯಿಂದ ತೆಗೆದುಕೊಂಡು ಇಳಿದು ಎಂಜಿನ್ನಿನ ಕಡೆ ನಡೆದರು. ಫೈರ್‌ಮನ್ ಕೆಳಗೆ ಬಾಗಿ ಅದನ್ನು ಇಸಿದುಕೊಂಡದ್ದನ್ನು, ಕೈಯನ್ನು ಅಂಗಿಗೆ ಎರಡು ಸಲ ಒರೆಸಿಕೊಂಡದ್ದನ್ನು ನಾನು ಕಿಟಕಿಯಿಂದ ನೋಡಿದೆ. ಗಾಡಿ ಹೊರಟಿತು. ಸೇತುವೆ, ತಾಂಡವಪುರ, ಕಡಕೊಳ, ಅಶೋಕಪುರಂ — ಅಷ್ಟು ದೂರವೂ ಆ ಪುಸ್ತಕ ಬಾಯ್ಲರಿನ ಬಿಸಿಗೆ ಹಾಳೆ ಹಾಳೆಯಾಗಿ ತೆರೆದುಕೊಂಡು ಒಣಗಿತು. ಒಲೆಗೆ ಕಲ್ಲಿದ್ದಲನ್ನು ಹಾಕುವ ಕೆಲಸವನ್ನು ಒಂದು ಕ್ಷಣವೂ ತಪ್ಪಿಸದೆ, ಎರಡು ಸಲಿಕೆಯ ನಡುವಿನ ಬಿಡುವಿನಲ್ಲಿ ಆ ಮನುಷ್ಯ ಅದರ ಪುಟಗಳನ್ನು ಮಗುಚಿರಬೇಕು. ಚಾಮರಾಜಪುರಂನಲ್ಲಿ ನಾನು ಇಳಿಯುವ ಹೊತ್ತಿಗೆ ಅವರು ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು ಚಾಚಿದರು. "ಅಕ್ಷರ ಹೋಗ್ಲಿಲ್ಲಮ್ಮ, ನೋಡ್ಕೊ" ಎಂದರು. ನಾನು ಏನು ಹೇಳಿದೆನೋ ನೆನಪಿಲ್ಲ. ಬಹುಶಃ ಏನೂ ಹೇಳಲಿಲ್ಲ. ಕಾಲೇಜಿನ ಗಂಟೆಗೆ ಹೊತ್ತಾಗಿತ್ತು, ನಾನು ಓಡಿದೆ.

1976ರಲ್ಲಿ ಬಿ.ಎ. ಮುಗಿಯಿತು, ಆಮೇಲೆ ಬಿ.ಇಡಿ., 1978ರಲ್ಲಿ ಸರಕಾರಿ ಪ್ರೌಢಶಾಲೆಯ ಕೆಲಸ. ಮೊದಲ ಸಂಬಳದಲ್ಲಿ ಆ ಹಣವನ್ನು ಹಿಂದಿರುಗಿಸಲು ಬೆಳಗಿನ ಗಾಡಿ ಹತ್ತಿ ಹೋದೆ. ಎಲೆಯವ್ವ ಹಣವನ್ನು ಮುಟ್ಟಲಿಲ್ಲ. ನಾನು ತಂದಿದ್ದ ಮೈಸೂರು ಪಾಕನ್ನು ಡಬ್ಬಿಗೆಲ್ಲ ಹಂಚಿ, "ನನ್ ಮೊಮ್ಮಗಳ್ಗ ನಾಕಕ್ಷರ ಕಲ್ಸು, ಸಾಕು" ಎಂದರು. ಆ ಮೊಮ್ಮಗಳು ಕೆಲವು ವರ್ಷಗಳ ಮೇಲೆ ನನ್ನ ತರಗತಿಗೇ ಬಂದಳು. ಮೂವತ್ತೆಂಟು ವರ್ಷದ ನನ್ನ ಪಾಠದಲ್ಲಿ ಅವಳಿಗಾಗಿ ನಾನು ಪಟ್ಟಷ್ಟು ಶ್ರಮವನ್ನು ಇನ್ನಾರಿಗೂ ಪಟ್ಟಿಲ್ಲವೆಂದು ಉಳಿದವರು ಮುನಿಸಿಕೊಳ್ಳದೆ ಕ್ಷಮಿಸಬೇಕು. ಆದರೆ ಫೈರ್‌ಮನ್ ಆ ದಿನ ಎಂಜಿನ್ನಿನ ಮೇಲಿರಲಿಲ್ಲ. ಬೇರೆ ಕಡೆಗೆ ವರ್ಗವಾಗಿದೆ ಎಂದರು; ಎಲ್ಲಿಗೆಂದು ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ.

ನಿಮ್ಮಲ್ಲಿ ಹಲವರಿಗೆ ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯದ ಪ್ರವಾಸಗಳು ನೆನಪಿರಬಹುದು. ಅದು 1979ರಲ್ಲಿ ಆರಂಭವಾದಾಗಿನಿಂದ ಪ್ರತಿ ವರ್ಷವೂ ಒಂದು ತರಗತಿಯನ್ನಾದರೂ ನಾನು ಅಲ್ಲಿಗೆ ಕರೆದೊಯ್ದೆ. ಮಹಾರಾಣಿಯವರ ಸಲೂನ್ ಗಾಡಿಯ ಮುಂದೆ ನೀವೆಲ್ಲ ಗುಂಪುಗೂಡುತ್ತಿದ್ದಿರಿ. ನಾನು ಉಗಿ ಎಂಜಿನ್ನುಗಳ ಕಡೆ ಹೋಗಿ ನಿಂತುಬಿಡುತ್ತಿದ್ದೆ. ನಾನು ಕಾಲೇಜಿಗೆ ಸೇರುವ ಮೊದಲೇ, 1972ಕ್ಕೇ, ದೇಶದ ದೊಡ್ಡ ಕಾರ್ಖಾನೆಗಳಲ್ಲಿ ಉಗಿ ಎಂಜಿನ್ನುಗಳ ತಯಾರಿಕೆ ನಿಂತಿತ್ತೆಂದು, ಹಾಗಾಗಿ ನಾನು ಓಡಾಡಿದ್ದು ಅವುಗಳ ಮುಪ್ಪಿನ ಕಾಲದಲ್ಲೆಂದು ತಿಳಿದದ್ದು ಆಮೇಲೆ. ಅಲ್ಲಿನ ತಣ್ಣಗಿನ ಒಲೆಯೊಳಗೆ ಕೈ ಚಾಚಿ, "ಮೇಡಂ, ಇಲ್ಲಿ ಬೆಂಕಿ ಇತ್ತಾ?" ಎಂದು ನಿಮ್ಮಲ್ಲೊಬ್ಬರು ಕೇಳಿದಾಗ ನಾನು ಉತ್ತರ ಕೊಡದೆ ಹೊರಗೆ ಹೋದೆ. ಈಗ ಅದಕ್ಕೆ ಕಾರಣ ತಿಳಿಯಿತಲ್ಲವೇ?

ಸಭೆಯನ್ನು ಏರ್ಪಡಿಸಿದ ಎಲ್ಲ ಶಿಷ್ಯರಿಗೆ, ಅಡುಗೆಯ ಹೊಣೆ ಹೊತ್ತವರಿಗೆ, ನನ್ನ ತಮ್ಮಂದಿರಿಗೆ, ಈ ನಲವತ್ತಾರು ವರ್ಷ ನನ್ನ ರೈಲಿನ ಕತೆಗಳನ್ನು ಬೇಸರಿಸದೆ ಕೇಳಿದ ನಮ್ಮ ಯಜಮಾನರಿಗೆ ನಾನು ಋಣಿ. ಎಲೆಯವ್ವ, ಹೂವಿನಕ್ಕಂದಿರು, ಗಾರ್ಡ್ ಸಾಹೇಬರು, ಕೈದೀಪದ ಪಾಯಿಂಟ್ಸ್‌ಮನ್ — ಇವರಲ್ಲಿ ಬಹುಮಂದಿ ಈಗ ಇಲ್ಲ. ಅವರ ಮಕ್ಕಳು, ಮೊಮ್ಮಕ್ಕಳು ಇದನ್ನು ಓದಿದರೆ ನಮ್ಮ ಮನೆಗೆ ಬಂದು ಒಂದು ಊಟ ಮಾಡಿಕೊಂಡು ಹೋಗಬೇಕೆಂದು ಪ್ರಾರ್ಥಿಸುತ್ತೇನೆ.

ಆ ನೋಟ್ ಪುಸ್ತಕ ಇಂದಿಗೂ ನನ್ನ ಪೆಟ್ಟಿಗೆಯಲ್ಲಿದೆ. ಹಾಳೆಗಳು ಹಪ್ಪಳದಂತೆ ಸುಕ್ಕಾಗಿವೆ, ಮೂಗಿನ ಹತ್ತಿರ ಹಿಡಿದರೆ ಕಲ್ಲಿದ್ದಲಿನ ಹೊಗೆಯ ವಾಸನೆ ಇನ್ನೂ ಇದೆಯೆಂದು ನನಗೆ ಅನ್ನಿಸುತ್ತದೆ. ಕೈಯನ್ನು ಎರಡು ಸಲ ಒರೆಸಿಕೊಂಡರೂ ಮಸಿ ಪೂರ್ತಿ ಹೋಗಿರಲಿಲ್ಲ. ವಿಜಯನಗರದ ಪತನದ ಟಿಪ್ಪಣಿ ಇರುವ ಪುಟದ ಅಂಚಿನಲ್ಲಿ ಒಂದು ಹೆಬ್ಬೆರಳಿನ ಗುರುತು ಗೆರೆಗೆರೆಯಾಗಿ ಉಳಿದಿದೆ. ಮೈಸೂರು ಕಡೆಯ ಮೀಟರ್ ಗೇಜ್ ಗಾಡಿಗಳಲ್ಲಿ ಎಪ್ಪತ್ತರ ದಶಕದಲ್ಲಿ ಫೈರ್‌ಮನ್ ಆಗಿದ್ದ, ಹುಬ್ಬಿನ ಮೇಲೆ ಸುಟ್ಟ ಕಲೆಯಿದ್ದ, ಒಂದು ಆಷಾಢದ ಬೆಳಿಗ್ಗೆ ಕಾಲೇಜು ಹುಡುಗಿಯೊಬ್ಬಳ ಪುಸ್ತಕವನ್ನು ಒಣಗಿಸಿ ಕೊಟ್ಟೆನೆಂದು ಮನೆಯಲ್ಲಿ ಎಂದಾದರೂ ಹೇಳಿದ್ದ ತಂದೆಯೋ ಅಜ್ಜನೋ ನಿಮ್ಮ ಮನೆಯಲ್ಲಿದ್ದರೆ, ದಯವಿಟ್ಟು ನನಗೆ ತಿಳಿಸಿ. ಆ ಪುಟವನ್ನು ನಾನೇ ತಂದು ನಿಮಗೆ ತೋರಿಸುತ್ತೇನೆ.